ಬಿರುಗಾಳಿಗೆ ಮುನ್ನ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬಾಳೆ, ತೆಂಗುಗಳನ್ನು ಉರುಳಿಸುವ ಬಿರುಗಾಳಿ ಗುಡುಗುಮೋಡದಲ್ಲಿಯೇ ಹುಟ್ಟುತ್ತದೆ. ಬೀಳುವ ಮಳೆಹನಿಗಳಲ್ಲಿ ಕೆಲವು ಆವಿಯಾಗಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ತಂಪಾಗಿ ಭಾರಗೊಂಡ ಆ ಗಾಳಿ ಕೆಳಗೆ ಕುಸಿದು, ನೆಲಕ್ಕೆ ಬಡಿದು, ಮಳೆಗಿಂತ ಮುಂದಾಗಿ ನುಗ್ಗುತ್ತದೆ. ಸೆಕೆಯ ನಡುವೆ ಹಠಾತ್ತನೆ ತಂಪು ತಟ್ಟಿತೆಂದರೆ ಬಿರುಗಾಳಿ ಬಂದೇಬಿಟ್ಟಿತೆಂದು ಅರ್ಥ. ಆಗ ಸಿದ್ಧತೆಗೆ ಸಮಯವಿರುವುದಿಲ್ಲ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಯುಗಾದಿಯ ವೇಳೆಗೇ ಗೊನೆ ಹೊತ್ತ ಬಾಳೆಗೆ ಆಸರೆಗೋಲು ಕೊಡಬೇಕು. ಎತ್ತರದ ಕಬ್ಬನ್ನು ಒಣಗರಿಯಿಂದ ಜೊತೆಗೂಡಿಸಿ ಕಟ್ಟಬೇಕು. ಸೂರಿನ ಹೆಂಚು, ತಗಡುಗಳನ್ನು ಭದ್ರಪಡಿಸಬೇಕು. ಗುಡುಗುಮಳೆಯ ಮುನ್ಸೂಚನೆಯಿದ್ದ ದಿನ ಬಾಳೆತೋಟಕ್ಕೆ ನೀರು ಹಾಯಿಸಬಾರದು. ನೆನೆದ ಮಣ್ಣು ಬೇರನ್ನು ಹಿಡಿದು ನಿಲ್ಲಿಸದು. ಮೊಬೈಲಿನಲ್ಲಿ ದೊರೆಯುವ ‘ದಾಮಿನಿ’ಯ ಸಿಡಿಲು ಎಚ್ಚರಿಕೆಯನ್ನು ದನಕರು ಮೇಯಿಸುವವರಿಗೆ ತಲುಪಿಸುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಲಿ. ಗುಡುಗುವಾಗ ಯಾರೂ ಮರದಡಿ ನಿಲ್ಲಬಾರದು.

ಹಾಗೆಂದು ಮರಗಳು ನಮ್ಮ ಶತ್ರುಗಳಲ್ಲ. ಒಂದು ಮರ ಉರುಳಿದೊಡನೆ ಬದುವಿನ ಮರಗಳನ್ನೆಲ್ಲ ಕಡಿಯುವ ಮಾತು ಏಳುತ್ತದೆ. ಒಣಕೊಂಬೆಗಳನ್ನು ತೆಗೆಯೋಣ, ಮರಗಳನ್ನು ಉಳಿಸೋಣ. ಮರಗಳ ಸಾಲು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ವೇಗವನ್ನು ತಗ್ಗಿಸುತ್ತದೆ. ಆದರೆ ಸಾಲು ಕೋಟೆಗೋಡೆಯಂತಿರಬಾರದು. ಗಾಳಿ ಅದನ್ನು ಹಾರಿ ಹಿಂದೆ ಸುಳಿಯಾಗಿ ಎರಗುತ್ತದೆ. ಹೊಂಗೆ, ಬೇವು, ಗೊಬ್ಬರದ ಗಿಡಗಳ ನಡುವೆ ಗಾಳಿ ಸೋಸಿ ಹೋಗುವಷ್ಟು ತೆರಪಿರಲಿ.

ಈ ಮುಂಗಾರಿನಲ್ಲಿ ನೆಟ್ಟ ಸಸಿ ಬೆಳೆಯನ್ನು ಕಾಯುವಷ್ಟು ಬೆಳೆಯಲು ವರ್ಷಗಳೇ ಬೇಕು. ಬದುವಿನ ಮೇಲೆ ಈಗಾಗಲೇ ನಿಂತಿರುವ ಮರವನ್ನು ಕಡಿಯುವ ಮುನ್ನ ಈ ಲೆಕ್ಕವನ್ನು ದಯಮಾಡಿ ನೆನೆಯಿರಿ.