ಅರ್ಜಿಯ ತಲೆಯ ನಾಲ್ಕು ಸಾಲು

(ಪುಣೆಯ ಹೋಟೆಲು ಮತ್ತು ಗಿರಣಿ ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯ ಜಗನ್ನಾಥ ಶೆಟ್ಟರು ಪುಣೆಗೆ ಬಂದದ್ದು 1949ರಲ್ಲಿ, ತೀರಿಕೊಂಡದ್ದು 2023ರಲ್ಲಿ. ಅವರು ಬಂದ ಕಾಲಕ್ಕೆ ನಮ್ಮವರು ಅರ್ಜಿ ಬರೆದು ಹೋಟೆಲು ಸೇರುತ್ತಿರಲಿಲ್ಲ. “ಇವ ನಮ್ಮೂರ ಹುಡುಗ, ಕೈ ಚುರುಕು” ಎಂದು ಯಾರಾದರೊಬ್ಬರು ಗಲ್ಲಾದಲ್ಲಿ ಕೂತವರಿಗೆ ಹೇಳಿದರೆ ಸಾಕು, ಸಂಜೆಗೆ ಹುಡುಗ ಲೋಟ ತೊಳೆಯುತ್ತಿದ್ದ. ಗಿರಣಿಯಲ್ಲಿ ಜಾಬರನ ಮಾತೇ ಸರ್ಟಿಫಿಕೇಟು.

ಈಗ ಹಿಂಜವಡಿಯ ಕಂಪನಿ ಕ್ಯಾಂಟೀನಿಗೋ ಆಸ್ಪತ್ರೆಯ ಅಡಿಗೆಮನೆಗೋ ಹೋಗಬೇಕಾದರೆ ಕಾಗದ ಬೇಕು. ಅದನ್ನು ಓದುವವರು ಒಲೆಯ ಮುಂದೆ ನಿಂತವರಲ್ಲ. ನೂರು ಅರ್ಜಿಗಳನ್ನು ಮೋಬೈಲಿನಲ್ಲೇ ನೋಡುತ್ತಾರೆ. ಮೇಲಿನ ನಾಲ್ಕು ಸಾಲು ಓದಿ ಬದಿಗಿಡುತ್ತಾರೆ. ನಮ್ಮ ಹೊಟ್ಟೆಪಾಡು ಆ ನಾಲ್ಕು ಸಾಲಿನಲ್ಲಿದೆ.

ನಮ್ಮವರೊಬ್ಬರು ಹದಿನಾಲ್ಕು ವರ್ಷ ಅಡಿಗೆ ಮಾಡಿದವರು. ಅವರ ಅರ್ಜಿಯ ತಲೆಯಲ್ಲಿ ಇದ್ದದ್ದು ಇಷ್ಟು: “ನಾನು ಬಡವ, ಪ್ರಾಮಾಣಿಕ, ಕಷ್ಟಜೀವಿ. ಯಾವ ಕೆಲಸ ಕೊಟ್ಟರೂ ಮಾಡುವೆನು.” ಯಾವ ಕೆಲಸವಾದರೂ ಸರಿ ಎಂದವರಿಗೆ ಏನು ಕೊಡುತ್ತಾರೆ? ಹೆಲ್ಪರನ ಕೆಲಸ, ಹೆಲ್ಪರನ ಪಗಾರ. ದಯೆ ಕೇಳುವ ಈ ಚಾಳಿ ನಮಗೆ ಎಲ್ಲಿಂದ ಬಂತೋ! ಪ್ರಾಮಾಣಿಕನೆಂದು ಎಲ್ಲರೂ ಬರೆಯುತ್ತಾರೆ, ಗಲ್ಲಾಕ್ಕೆ ಕೈಹಾಕಿದವನೂ ಬರೆಯುತ್ತಾನೆ.

ಅವರನ್ನು ಕೂರಿಸಿಕೊಂಡು ಕೇಳಿದೆವು: ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ಎಷ್ಟು ಹಿಟ್ಟು, ಕಾವಲಿಯ ಮುಂದೆ ಎಷ್ಟು ಜನ? ಒಂದು ಗಂಟೆ ಹಿಡಿಯಿತು. ಕಡೆಗೆ ಹೀಗೆ ಬರೆದೆವು:

“ದಕ್ಷಿಣ ಭಾರತದ ತಿಂಡಿಯ ಅಡಿಗೆಯಲ್ಲಿ 14 ವರ್ಷ; ಅದರಲ್ಲಿ 8 ವರ್ಷ ದೋಸೆ ಕಾವಲಿ. ಬೆಳಗಿನ ನಾಲ್ಕು ಗಂಟೆಯಲ್ಲಿ 400 ದೋಸೆ ಒಬ್ಬನೇ ಹೊಯ್ಯುತ್ತೇನೆ. ಹಿಟ್ಟಿನ ಅಳತೆ, ಸಾಮಾನಿನ ಚೀಟಿ ನನ್ನದೇ. ಮೂವರು ಹುಡುಗರಿಗೆ ಕೆಲಸ ಕಲಿಸಿದ್ದೇನೆ. ಕನ್ನಡ, ತುಳು, ಹಿಂದಿ, ಮರಾಠಿ ಮಾತಾಡುತ್ತೇನೆ. ಕ್ಯಾಂಟೀನಿನಲ್ಲಿ ತಿಂಡಿ ವಿಭಾಗದ ಹೊಣೆ ಬೇಕು.”

ಇದರಲ್ಲಿ ಒಂದು ಹೊಗಳಿಕೆಯ ಮಾತೂ ಇಲ್ಲ. ಲೆಕ್ಕವಿದೆ, ಕೊನೆಗೆ ಯಾವ ಜಾಗ ಬೇಕೆಂಬುದಿದೆ. ಸಪ್ಲಾಯರನಾದರೆ ಎಷ್ಟು ಟೇಬಲು ನೋಡಿಕೊಳ್ಳುತ್ತೀರಿ, ಬಿಲ್ಲಿನ ಯಂತ್ರ ಬರುತ್ತದೆಯೇ ಬರೆಯಿರಿ. ಮಗ್ಗದವರಾದರೆ ಒಂದು ಪಾಳಿಯಲ್ಲಿ ಎಷ್ಟು ಮಗ್ಗ, ಯಾವ ನಂಬರಿನ ನೂಲು, ಯಾವ ದುರಸ್ತಿ ಸ್ವತಃ ಮಾಡಬಲ್ಲಿರಿ ಎಂಬುದನ್ನು ಬರೆಯಿರಿ. ಮುಂಬಯಿಯ ಗಿರಣಿ ಮುಷ್ಕರ 1982ರ ಜನವರಿ 18ರಂದು ತೊಡಗಿತು. ಸುಮಾರು ಎರಡೂವರೆ ಲಕ್ಷ ಮಂದಿ ಹೊರಗೆ ಬಂದರು, ಅನೇಕರಿಗೆ ಮರಳಿ ಕೆಲಸ ಸಿಗಲಿಲ್ಲ. ಕೈಯಲ್ಲಿದ್ದ ಕಸಬನ್ನು ಬೇರೆ ಧಣಿಗೆ ತಿಳಿಯುವಂತೆ ಹೇಳುವ ಪ್ರಸಂಗ ಯಾರಿಗೂ ಬರಬಹುದು.

ಅಂಗಡಿಯಲ್ಲಿ ಕಂಪ್ಯೂಟರಿನ ಹುಡುಗ ಬರೆದುಕೊಡುವುದೂ ಉಂಟು. ಅವನು ಎಲ್ಲರಿಗೂ ಒಂದೇ ಸಾಲು ಅಂಟಿಸುತ್ತಾನೆ, ದೊಡ್ಡ ದೊಡ್ಡ ಇಂಗ್ಲಿಷು. “ಡೈನಾಮಿಕ್ ಅಂದರೇನಪ್ಪಾ?” ಎಂದು ಸಾಹೇಬರು ಕೇಳಿದರೆ ನಾವು ಚಾವಣಿ ನೋಡಬೇಕು. ಮೊದಲು ಕನ್ನಡದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಂದ ಇಂಗ್ಲಿಷು ಮಾಡಿಸಿ, ತಿರುಗಿ ಕನ್ನಡದಲ್ಲಿ ಹೇಳಿಸಿ ಕೇಳಿ.

ಸುಳ್ಳು ಬೇಡ. ಪಿ.ಎಫ್. ಕಡಿತವಿದ್ದವರ ನೌಕರಿಯ ತಾರೀಖುಗಳು ಯು.ಎ.ಎನ್. ನಂಬರಿನ ಖಾತೆಯಲ್ಲಿ ಸಿಗುತ್ತವೆ; ನೋಡಿ ಬರೆಯಿರಿ. ಕಡಿತವಿಲ್ಲದವರು ಧಣಿಯಿಂದ ಒಂದು ಚೀಟಿ ಬರೆಸಿಕೊಳ್ಳಬೇಕು, ಅದೂ ಜಗಳವಾಗುವ ಮೊದಲು.

ಇನ್ನೊಂದು ಮಾತನ್ನು ನಮ್ಮವರು ಮೆಲ್ಲಗೆ ಕೇಳುತ್ತಾರೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. ಅದಕ್ಕೂ ಮೊದಲೇ ಹನ್ನೆರಡಕ್ಕೆ ಊರು ಬಿಟ್ಟವರು ಇಲ್ಲಿದ್ದಾರೆ. ಆ ವರ್ಷಗಳನ್ನು ಎಣಿಸಬೇಕೆ? ಅರ್ಜಿಯ ತಲೆಗೆ ಅವು ಬೇಡ, ದೊಡ್ಡವರಾದ ಮೇಲಿನ ಲೆಕ್ಕವೇ ಸಾಕಷ್ಟಿದೆ. ಎದುರು ಕೂರಿಸಿ ಕೇಳಿದರೆ ಮಾತ್ರ ತಲೆತಗ್ಗಿಸದೆ ಹೇಳಿ. ನಾಚಿಕೆಪಡಬೇಕಾದವರು ದುಡಿಸಿಕೊಂಡವರು.

ವಾರದ ರಜೆಯ ಸಂಜೆ ಬಿಡುವಿದ್ದವರು ಹಳೆಯ ಚೀಟಿಗಳನ್ನೂ ಒಂದು ಪೆನ್ಸಿಲನ್ನೂ ತೆಗೆದುಕೊಂಡು ಇಲ್ಲಿಗೆ ಬನ್ನಿ. ಒಬ್ಬೊಬ್ಬರಾಗಿ ಕೂತು ಬರೆಯೋಣ.