ಗೇರಿನ ಎಣ್ಣೆ ಕಾದಾಗ



ಬಣ್ಣಾರಿಯಿಂದ ದಿಂಬಂವರೆಗೆ ಘಟ್ಟದಲ್ಲಿ 27 ಕಡಿದಾದ ತಿರುವುಗಳಿವೆ. ತಾಳವಾಡಿ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಸತ್ಯಮಂಗಲಕ್ಕೆ ಇಳಿದು ಹತ್ತಿದವರೇ ಎಲ್ಲ. ಬಹಳ ವರ್ಷ ಲಾರಿ ಓಡಿಸಿದ ನಾನು ಈ ದಾರಿಯಲ್ಲಿ ಕುದಿಯುವ ರೇಡಿಯೇಟರನ್ನೂ ಸುಟ್ಟ ಕ್ಲಚ್ಚನ್ನೂ ಬೇಕಾದಷ್ಟು ಕಂಡವನು. ಆದರೆ ಕಾಲಿಗೆ ಕ್ಲಚ್ಚೇ ಇಲ್ಲದ ಕಾರು ಬಿಸಿಯೇರಿ ತೊಂದರೆ ಕೊಟ್ಟದ್ದನ್ನು ಮೊದಲು ಕಂಡದ್ದು ಬಣ್ಣಾರಿ ಅಮ್ಮನ ಕೊಂಡ ಮುಗಿಸಿಕೊಂಡು ಬರುವಾಗ.

ಕಾರು ನನ್ನ ಅಕ್ಕನ ಮಗನದು. ಅವನಿಗೆ ಬೆಂಗಳೂರಿನಲ್ಲಿ ಕೆಲಸ. 200 ಅಶ್ವಶಕ್ತಿ ಮೀರಿದ ವೇಗದ ಗಾಡಿ, ಆಟೋಮ್ಯಾಟಿಕ್ ಗೇರು. ಮುಂದೆ ಹೊರೆ ಲಾರಿಗಳ ಸಾಲು. ಹತ್ತು ಮಾರು ಹೋಗುವುದು, ಮತ್ತೆ ನಿಲ್ಲುವುದು. ಹುಡುಗ ಬ್ರೇಕು ಒತ್ತುವ ಬದಲು ಆಕ್ಸಿಲರೇಟರನ್ನೇ ಸ್ವಲ್ಪ ಒತ್ತಿಕೊಂಡು ಗಾಡಿ ಹಿಂದಕ್ಕೆ ಜಾರದಂತೆ ಹಿಡಿದಿದ್ದ. ಅರ್ಧ ಘಟ್ಟ ಹತ್ತುವಷ್ಟರಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂದು ಎದುರಿನ ಫಲಕದಲ್ಲಿ ಇಂಗ್ಲಿಷಿನ ಬರಹ ಬಂತು.

"ಇಷ್ಟು ನಿಧಾನ ಬಂದರೂ ಹೀಗಾಯಿತಲ್ಲ, ಮಾವ?" ಅಂದ.

ನಿಧಾನ ಬಂದದ್ದರಿಂದಲೇ ಹಾಗಾದದ್ದು. ಈ ಬಗೆಯ ಗಾಡಿಯಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಡಬ್ಬಿ ಇರುತ್ತದೆ. ಒಳಗೆ ಎದುರುಬದುರಾಗಿ ರೆಕ್ಕೆಯ ಚಕ್ರಗಳು. ಒಂದನ್ನು ಇಂಜಿನ್ ತಿರುಗಿಸುತ್ತದೆ, ಅದು ಎಸೆದ ಎಣ್ಣೆ ಇನ್ನೊಂದನ್ನು ತಳ್ಳುತ್ತದೆ. ಗಾಡಿ ಮಾತ್ರ ನಿಂತೇ ಇದ್ದರೆ ಇಂಜಿನ್ನಿನ ದುಡಿಮೆಯೆಲ್ಲ ಎಣ್ಣೆ ಕಡೆಯುವುದಕ್ಕೇ ಹೋಯಿತು. ಮಜ್ಜಿಗೆ ಕಡೆದರೆ ಬೆಣ್ಣೆ ಬರುತ್ತದೆ, ಇಲ್ಲಿ ಬರುವುದು ಬರೀ ಬಿಸಿ. ಇಂಜಿನ್ 20 ಕಿಲೋವಾಟ್ ಶಕ್ತಿ ಕೊಡುತ್ತಿದೆ ಅನ್ನಿ. ಎಂಟು ಲೀಟರ್ ಎಣ್ಣೆಯೊಳಗೆ ಸ್ನಾನದ ನೀರು ಕಾಯಿಸುವ 1 ಕಿಲೋವಾಟಿನ ಕಾಯಿಲ್‌ಗಳನ್ನು ಇಪ್ಪತ್ತು ಇಳಿಬಿಟ್ಟ ಹಾಗೆ. ಸೆಕೆಂಡಿಗೆ ಒಂದು ಡಿಗ್ರಿಗಿಂತ ಹೆಚ್ಚು ಏರಬಹುದು. ಇಂಜಿನ್ ದೊಡ್ಡದಾದಷ್ಟೂ ಈ ಅಪಾಯ ಹೆಚ್ಚು. ಪಂದ್ಯಕ್ಕೆ ಓಡಿಸುವವರು ಮುಂಭಾಗದಲ್ಲಿ ಎಣ್ಣೆಗೆಂದೇ ಇನ್ನೊಂದು ಕೂಲರ್ ಕೂಡಿಸುವುದು ಇದಕ್ಕೇ.

ಸಾಮಾನ್ಯವಾಗಿ ಈ ಎಣ್ಣೆ 80ರಿಂದ 95 ಡಿಗ್ರಿಯಲ್ಲಿ ಸುಖವಾಗಿರುತ್ತದೆ. 120 ದಾಟಿ ಹೊತ್ತು ಕಳೆದರೆ ಹದ ಕೆಡುತ್ತದೆ, ರಬ್ಬರು ಸೀಲು ಗಟ್ಟಿಯಾಗುತ್ತದೆ, ಒಳಗಿನ ಪ್ಲೇಟುಗಳು ಜಾರತೊಡಗುತ್ತವೆ. ಜಾರಿದರೆ ಇನ್ನಷ್ಟು ಬಿಸಿ. ಆಮೇಲೆ ಬರುವ ರಿಪೇರಿ ಖರ್ಚನ್ನು ಕೇಳಿಯೇ ಜ್ವರ ಬರಬೇಕು.

ತಿರುವು ದಾಟಿ ಅಗಲವಾದ ಜಾಗದಲ್ಲಿ ನಿಲ್ಲಿಸಿದೆವು. ಸುತ್ತ ಸೇರಿದವರೆಲ್ಲ ಕನ್ನಡದಲ್ಲೂ ತಮಿಳಿನಲ್ಲೂ ಹೇಳಿದ್ದು ಒಂದೇ: "ಇಂಜಿನ್ ಆರಿಸಿ, ನೀರು ಹುಯ್ಯಿರಿ." ಎರಡೂ ಬೇಡ ಎಂದೆ. ಎಣ್ಣೆಯನ್ನು ಕೂಲರಿಗೆ ಕಳಿಸುವ ಪಂಪನ್ನು ತಿರುಗಿಸುವುದು ಇಂಜಿನ್ನೇ. ಅದನ್ನು ಆರಿಸಿದರೆ ಬಿಸಿ ಎಣ್ಣೆ ಇದ್ದಲ್ಲೇ ಉಳಿಯುತ್ತದೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು. ಗೇರಿನ ಹಿಡಿಯನ್ನು ಪಾರ್ಕಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಸುಮ್ಮನೆ ಓಡುತ್ತಿರಲು ಬಿಟ್ಟೆವು. ರೇಡಿಯೇಟರ್ ನೀರೂ ಕುದಿಯುತ್ತಿದ್ದರೆ ಮಾತು ಬೇರೆ, ಆಗ ಆರಿಸಲೇಬೇಕು. ಕಾಲು ಗಂಟೆಯಲ್ಲಿ ಆ ಬರಹ ಹೋಯಿತು.

ಉಳಿದ ಘಟ್ಟವನ್ನು ಹತ್ತಿದ್ದೇ ಬೇರೆ ರೀತಿ. ನಿಂತಾಗ ಪೂರ್ತಿ ಬ್ರೇಕು. ಮುಂದಿನ ಲಾರಿ ಒಂದಷ್ಟು ದೂರ ಹೋಗಲು ಬಿಟ್ಟು, ಗೇರನ್ನು ಕೈಯಿಂದ ಒಂದು, ಎರಡರಲ್ಲೇ ಹಿಡಿದು, ಒಂದೇ ಉಸಿರಿಗೆ ಏರುವುದು. ಕೆಳಗಿನ ಗೇರಿನಲ್ಲಿ ಕನ್ವರ್ಟರಿನ ಜಾರಿಕೆ ಕಡಿಮೆ, ಪಂಪಿನ ಓಟ ಹೆಚ್ಚು. ಹಿಂದಿನವರು ಹಾರ್ನ್ ಹೊಡೆದರು, ಹೊಡೆಯಲಿ. ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗಾಡಿಗಳಿಗೂ ಇದೇ ಪಥ್ಯ, ಅವುಗಳಲ್ಲಿ ಕಾಯುವುದು ಕ್ಲಚ್ಚಿನ ಪ್ಲೇಟು.

ಊರಿಗೆ ಬಂದ ಮೇಲೆ ಎಣ್ಣೆ ಪರೀಕ್ಷೆ ಮಾಡಿಸಿದ. ಕೆಂಪಾಗಿರಬೇಕಾದದ್ದು ಕಂದಾಗಿತ್ತು, ಸೀದ ವಾಸನೆ. ಗಾಡಿಯ ಆಯುಸ್ಸು ಪೂರ್ತಿ ಎಣ್ಣೆ ಬದಲಿಸುವುದೇ ಬೇಡ ಎನ್ನುವ ಮಾತನ್ನು ಘಟ್ಟದ ಜನ ನಂಬುವುದು ಬೇಡವೆಂದೇ ನನ್ನ ಮತ. ಬದಲಿಸಿದ, ಗಾಡಿ ಉಳಿಯಿತು.

ಇನ್ನೊಂದು ವಿಷಯ. ಆ ದಿನ ಒಬ್ಬರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಡುತ್ತೇನೆಂದು ಪ್ರೀತಿಯಿಂದ ಬಂದಿದ್ದರು. ಇಂಜಿನ್ ಆರಿದ ಆಟೋಮ್ಯಾಟಿಕ್ ಗಾಡಿಯನ್ನು ಹಾಗೆ ಎಳೆದರೆ ಪಂಪು ನಿಂತಿರುತ್ತದೆ, ಚಕ್ರದ ಜೊತೆ ಗೇರು ಎಣ್ಣೆಯಿಲ್ಲದೆ ತಿರುಗುತ್ತದೆ. ಅಂಥ ಗಾಡಿಯನ್ನು ಪೂರ್ತಿ ಎತ್ತಿ ಲಾರಿಯ ಮೇಲೆ ಹೇರಿಯೇ ಸಾಗಿಸಬೇಕು. ಟ್ರ್ಯಾಕ್ಟರಿನವರಿಗೆ ಒಂದು ಲೋಟ ಟೀ ಕೊಡಿಸಿ ಕಳಿಸಿದೆವು.