ನಟಿಯ ನೆನಪು: ರಂಗನಿರ್ವಾಹಕನ ನೇಮಕವನ್ನು ಕುರಿತು ಒಂದು ವಿಚಾರ



ಈ ಉಪನ್ಯಾಸ ಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದ ವಿದ್ವಾಂಸರು ನಾಟಕಕಾರನನ್ನೂ ನಟನನ್ನೂ ನಿರ್ದೇಶಕನನ್ನೂ ಯಥೋಚಿತವಾಗಿ ಸತ್ಕರಿಸಿದ್ದಾರೆ. ಸತ್ಕಾರವಿಲ್ಲದೆ ಉಳಿದವನು ರಂಗನಿರ್ವಾಹಕ. ನಮ್ಮ ತಂಡಗಳ ಬಳಕೆಯ ಮಾತಿನಲ್ಲಿ ಸ್ಟೇಜ್ ಮ್ಯಾನೇಜರ್. ಆತನ ಚರಿತ್ರೆಯನ್ನು ನಾನು ವಿಸ್ತರಿಸಲಾರೆ. ಜರ್ಮನಿಯ ಮೈನಿಂಗೆನ್ ತಂಡವು 1874ರಿಂದ 1890ರವರೆಗೆ ಯೂರೋಪಿನಲ್ಲಿ ಸಂಚರಿಸಿದುದನ್ನೂ, ಆ ತಂಡದ ನಿರ್ದೇಶಕ ಕ್ರೋನೆಕನ ಕಟ್ಟುನಿಟ್ಟನ್ನು ಮಾಸ್ಕೋದಲ್ಲಿ ಕಂಡ ರಷ್ಯದ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಅದಕ್ಕೆ ಮಾರುಹೋದುದನ್ನೂ, ನಮ್ಮಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು 1934ರ ‘ಕುರುಕ್ಷೇತ್ರ’ದಲ್ಲಿ ಆನೆಕುದುರೆಗಳನ್ನೇ ರಂಗಕ್ಕೆ ತಂದುದನ್ನೂ ಈ ಸಭೆ ಬಲ್ಲದು. ಆನೆಯನ್ನು ತರಿಸಿದ, ಕಂಪನಿಯ ಒಡೆಯರಾದ ವೀರಣ್ಣನವರನ್ನು ನಾವು ನೆನೆಯುತ್ತೇವೆ. ಆ ಆನೆ ತನ್ನ ಹೊತ್ತು ಬರುವ ತನಕ ಪರದೆಯ ಹಿಂದೆ ಸುಮ್ಮನೆ ನಿಂತಿರುವಂತೆ ನೋಡಿಕೊಂಡವನನ್ನು ನೆನೆಯುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ. ಚರಿತ್ರೆ ಇಷ್ಟು ಸಾಕು.

ನಾನು ಹೇಳಹೊರಟಿರುವುದು ನಮ್ಮ ಹವ್ಯಾಸಿ ಸಂಘದಲ್ಲಿ ಎದ್ದ, ಇಂದಿಗೂ ಸಂಪೂರ್ಣವಾಗಿ ಶಮನವಾಗದ ಒಂದು ವಿವಾದವನ್ನು. ಕಾಳಿದಾಸನ ಶಾಕುಂತಲವನ್ನು ಪರದೆಯಿಲ್ಲದೆ, ಮೂರು ಕಡೆಯೂ ಪ್ರೇಕ್ಷಕರನ್ನು ಕೂರಿಸಿಕೊಂಡು, ಒಬ್ಬೊಬ್ಬ ನಟನಿಗೆ ಮೂರು ನಾಲ್ಕು ಪಾತ್ರಗಳನ್ನು ವಹಿಸಿ, ಮಾತುಗಳನ್ನು ತಾಲೀಮಿನಲ್ಲಿಯೇ ಬೆಳೆಸುತ್ತ ಆಡಬೇಕೆಂದು ಸಂಘವು ನಿಶ್ಚಯಿಸಿದಾಗ, ಇಂತಹ ಪ್ರಯೋಗಕ್ಕೆ ಸಂಬಳದ ಮೇಲೆ ಒಬ್ಬ ಸ್ಟೇಜ್ ಮ್ಯಾನೇಜರನ್ನು ಹೊರಗಿನಿಂದ ಗೊತ್ತುಮಾಡಿಕೊಳ್ಳಬೇಕೆಂದು ನಾನು ಸಲಹೆ ಮಾಡಿದೆ. ಬಣ್ಣ ಹಚ್ಚುವವರಾರಿಗೂ ಸಂಬಳವಿಲ್ಲದಿರುವಾಗ ಕುರ್ಚಿ ಜೋಡಿಸುವವನಿಗೆ ಸಂಬಳವೇ ಎಂದು ಕೆಲವರು ಕೆರಳಿದರು. ಅದಕ್ಕೆ ಉತ್ತರ ಸುಲಭವಾಗಿತ್ತು: ಸ್ನೇಹಕ್ಕಾಗಿ ಬಂದವನು ತಡವಾಗಿ ಬಂದ ನಾಯಕನಟನನ್ನು ಗದರಿಸಲಾರ, ಗದರಿಸಿದರೆ ಸ್ನೇಹ ಉಳಿಯದು, ಸಂಬಳ ಪಡೆದವನಿಗಾದರೋ ಗದರಿಸುವುದು ಕರ್ತವ್ಯವಾಗುತ್ತದೆ, ಗದರಿಸಿಕೊಂಡವನಿಗೂ ಅದರಿಂದ ಮಾನಹಾನಿಯಿಲ್ಲ. ಆದರೆ ಮಿತ್ರರೊಬ್ಬರು ಎತ್ತಿದ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಪ್ರಯೋಗವೆಂದ ಮೇಲೆ ಅದು ಪ್ರತಿರಾತ್ರಿಯೂ ಹೊಸದಾಗಿ ಹುಟ್ಟಬೇಕಷ್ಟೆ. ನಿಂತ ತಾಣ, ನಡೆದ ಹೆಜ್ಜೆ, ದೀಪ ಬೆಳಗಿದ ಕ್ಷಣ ಎಲ್ಲವನ್ನೂ ಪುಸ್ತಕದಲ್ಲಿ ಗುರುತುಮಾಡಿಕೊಂಡು ನಾಳೆಯೂ ಹಾಗೆಯೇ ಆಗಲೆಂದು ಕಾಯುವವನು ಪ್ರಯೋಗದ ಶತ್ರುವಲ್ಲವೇ, ಎಂದು ಅವರು ಕೇಳಿದರು.

ಇದಕ್ಕೆ ಉತ್ತರ ಹುಡುಕುತ್ತಿದ್ದಾಗ ನನಗೆ ನಮ್ಮ ಸಂಸ್ಕೃತದ ಗುರುಗಳ ಸ್ಮರಣೆಯಾಯಿತು. ಕಚ್ಚೆಪಂಚೆ, ಕರಿಯ ಕೋಟು, ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿ. ಶಾಲೆಯ ವಾರ್ಷಿಕೋತ್ಸವದ ನಾಟಕವೆಂದರೆ ಅವರಿಗೆ ಯಜ್ಞವಿದ್ದಂತೆ. ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಮೂಲದ ಪಕ್ಕದಲ್ಲಿಟ್ಟುಕೊಂಡು ಪಾಠ ಹೇಳುತ್ತಿದ್ದ ಅವರು, ಅಲಂಕಾರಗಳನ್ನು ಬಿಡಿಸುವುದಕ್ಕಿಂತ ಪಾತ್ರಗಳು ಎಲ್ಲಿಂದ ಪ್ರವೇಶಿಸುತ್ತವೆ, ಪ್ರವೇಶಿಸುವಾಗ ಕೈಯಲ್ಲಿ ಏನಿರುತ್ತದೆ ಎಂಬುದನ್ನು ವಿವರಿಸುವುದರಲ್ಲಿಯೇ ಹೆಚ್ಚು ಸುಖಪಡುತ್ತಿದ್ದರು. ಪ್ರಸ್ತಾವನೆಗೆ ಬಂದಾಗ ಒಂದೆಡೆ ತಪ್ಪದೆ ಪುಸ್ತಕ ಮುಚ್ಚಿ, ನಶ್ಯವೇರಿಸಿ, ‘ನೋಡಿರಯ್ಯ, ಇಲ್ಲಿ ನಾಟಕ ನಿಂತುಹೋಗುವುದರಲ್ಲಿತ್ತು’ ಎಂದು ನಗುವರು.

ಆ ಸನ್ನಿವೇಶ ನಿಮಗೆಲ್ಲ ಪರಿಚಿತವೇ. ಸೂತ್ರಧಾರನು ನಟಿಯನ್ನು ಕರೆದು, ಗ್ರೀಷ್ಮಋತುವನ್ನು ಕುರಿತು ಹಾಡೆನ್ನುತ್ತಾನೆ; ಅವಳು ಹಾಡುತ್ತಾಳೆ; ಸಭೆಯೆಲ್ಲ ಚಿತ್ರದಂತೆ ಸ್ತಬ್ಧವಾಗುತ್ತದೆ. ಆಗ ಆ ಮಹಾನುಭಾವನು, ಈಗ ಯಾವ ನಾಟಕದಿಂದ ಸಭೆಯನ್ನು ರಂಜಿಸೋಣವೆಂದು ಅವಳನ್ನೇ ಕೇಳುತ್ತಾನೆ! ಶಾಕುಂತಲವೆಂದು ತಾವೇ ಮೊದಲು ಅಪ್ಪಣೆ ಕೊಡಿಸಲಿಲ್ಲವೇ ಎಂದು ಅವಳು ನೆನಪಿಸುತ್ತಾಳೆ. ದುಷ್ಯಂತನ ಮರೆವಿಗೆ ಇದು ಪೂರ್ವಸೂಚನೆಯೆಂದು ಪಂಡಿತರು ಹೇಳುವುದನ್ನು ನಾನು ಒಪ್ಪುತ್ತೇನೆ. ಆದರೆ ಇದರಲ್ಲಿ ನಾಟಕಶಾಲೆಯ ಒಳಗನ್ನು ಕಂಡ ಕವಿಯ ಅನುಭವವೂ ಇದೆಯೆಂಬುದು ನನ್ನ ಹಠ. ನಿರ್ದೇಶಕನಾದವನು ರಸದಲ್ಲಿ ಮುಳುಗಬೇಕು, ಮುಳುಗಿದವನು ಮರೆಯಲೇಬೇಕು; ಆದುದರಿಂದ ದಡದ ಮೇಲೆ ನಿಂತು ನೆನಪಿಟ್ಟುಕೊಳ್ಳುವ ಇನ್ನೊಬ್ಬರು ಇರದಿದ್ದರೆ ನಾಟಕ ಪ್ರಾರಂಭವಾಗುವಂತೆಯೇ ಇಲ್ಲ. ನಮ್ಮ ಸಾಹಿತ್ಯದ ಅತ್ಯಂತ ಸಮರ್ಥ ರಂಗನಿರ್ವಾಹಕಿ ಈ ನಟಿಯೇ ಎಂದು ನಾನು ಸಭೆಯಿಂದ ಸಭೆಗೆ ಸಾರುತ್ತ ಬಂದಿದ್ದೇನೆ.

ಅಭ್ಯರ್ಥಿಗಳನ್ನು ಪರೀಕ್ಷಿಸುವ ಕಾರ್ಯ ನನ್ನ ಪಾಲಿಗೆ ಬಂದಾಗ ಈ ಹಠವೇ ನನಗೆ ಪ್ರಶ್ನೆಯನ್ನೂ ಒದಗಿಸಿತು. ಶಾಕುಂತಲದ ಐದನೆಯ ಅಂಕದಲ್ಲಿ ಉಂಗುರ ಎಲ್ಲಿದೆ ಎಂದು ಕೇಳಿದೆ. ಮೀನಿನ ಹೊಟ್ಟೆಯಲ್ಲಿ ಎಂದವರು ಹಲವರು, ಅವರಲ್ಲಿ ಎಂ.ಎ. ಮಾಡಿದವರೂ ಇದ್ದರು, ಬೆಳಕಿನ ವಿನ್ಯಾಸದಲ್ಲಿ ನುರಿತವರೂ ಇದ್ದರು. ವೃತ್ತಿಕಂಪನಿಯೊಂದರಲ್ಲಿ ಪೆಟ್ಟಿಗೆಗಳ ಉಸ್ತುವಾರಿ ನೋಡುತ್ತಿದ್ದ ಒಬ್ಬಾತ ಮಾತ್ರ, ‘ಒಳಗೆ ಮೇಜಿನ ಮೇಲಿರಬೇಕು ಸ್ವಾಮಿ, ಮುಂದಿನ ಅಂಕದ ಪೊಲೀಸಿನವನ ಕೈಗೆ ಕೊಡಬೇಕಲ್ಲ, ಶಕುಂತಲೆಯ ಬೆರಳಿನಿಂದ ಬಿಚ್ಚಿಸಿದ್ದೀವೋ ಇಲ್ಲವೋ ಅಂತ ಮೊದಲು ನೋಡಬೇಕು’ ಎಂದ. ವಿಚಾರ ಮಾಡಿ ನೋಡಿರಿ: ಮೊದಲ ಅಂಕದಲ್ಲಿ ರಾಜನ ಬೆರಳು, ನಾಲ್ಕರಲ್ಲಿ ಶಕುಂತಲೆಯ ಬೆರಳು, ಐದರಲ್ಲಿ ಯಾರ ಬೆರಳೂ ಅಲ್ಲ, ಆರರ ಆರಂಭದಲ್ಲಿ ನಗರರಕ್ಷಕನ ಕೈ, ಆಮೇಲೆ ಮರಳಿ ರಾಜ. ಬೆರಳು ಬರಿದಾಗಿರಬೇಕಾದ ಆ ಒಂದು ಗಳಿಗೆಯಲ್ಲಿ ಅಜಾಗ್ರತೆಯಿಂದ ಉಂಗುರ ಅಲ್ಲಿಯೇ ಉಳಿದರೆ ದೂರ್ವಾಸರ ಶಾಪವೂ ನಿರರ್ಥಕ. ಒಬ್ಬನೇ ನಟನು ಕಣ್ವಶಿಷ್ಯನೂ ಬೆಸ್ತನೂ ಆಗುವ ನಮ್ಮಂತಹ ಪ್ರಯೋಗದಲ್ಲಿ, ಮರೆಮಾಡಲು ಪರದೆಯೂ ಇಲ್ಲದಿರುವಾಗ, ಈ ಲೆಕ್ಕ ಇಡುವವನ ಅಗತ್ಯ ಕಂಪನಿ ನಾಟಕಕ್ಕಿಂತ ಇಮ್ಮಡಿಯಾಗುತ್ತದೆ. ನಾನು ಆತನ ಹೆಸರನ್ನೇ ಸೂಚಿಸಿದೆ, ನೇಮಕವೂ ಆಯಿತು.

ಈ ಎಚ್ಚರಿಕೆ ಪಶ್ಚಿಮದಿಂದ ಬಂದ ಸರಕೆಂದು ಭಾವಿಸುವವರು ನಾಟ್ಯಶಾಸ್ತ್ರದಲ್ಲಿ ಸಿದ್ಧಿಯನ್ನು ಕುರಿತ ಅಧ್ಯಾಯವನ್ನು ನೋಡಬೇಕು. ಪ್ರಯೋಗಕ್ಕೆ ಒದಗುವ ವಿಘಾತಗಳನ್ನು ಭರತನು ಅಲ್ಲಿ ವರ್ಗೀಕರಿಸಿ ಎಣಿಸುತ್ತಾನೆ: ಗಾಳಿ, ಬೆಂಕಿ, ಮಳೆ, ಆನೆ, ಹಾವು, ಕೊನೆಗೆ ಇರುವೆ, ನಟನ ಕಡೆಯಿಂದ ಮಾತು ಮರೆಯುವುದು, ಆಭರಣ ಕಳಚಿ ಬೀಳುವುದು. ರಸಸೂತ್ರವನ್ನು ನುಡಿದ ಋಷಿ ಇರುವೆಯನ್ನು ಮರೆಯಲಿಲ್ಲ.

ಇಷ್ಟಾದರೂ ನನ್ನ ಮಿತ್ರರು ಸೋಲೊಪ್ಪಲಿಲ್ಲ. ನನ್ನ ನಟಿಯನ್ನೇ ನನ್ನ ವಿರುದ್ಧ ಸಾಕ್ಷಿಗೆ ಕರೆತಂದರು. ಸೂತ್ರಧಾರನಿಗೆ ಮರೆವು ತಂದುದು ಆರ ಹಾಡು? ಅವಳದೇ. ನೆನಪು ತಂದವಳೂ ಅವಳೇ. ಅಂದಮೇಲೆ ಅವಳು ಸಂಬಳಕ್ಕೆ ಬಂದು ದಡದಲ್ಲಿ ನಿಂತವಳಲ್ಲ, ಹಾಡಿನೊಳಗೆ ಇದ್ದುಕೊಂಡೇ ಎಚ್ಚರವಾಗಿದ್ದವಳು. ಯಕ್ಷಗಾನದ ಭಾಗವತರೂ ಅಂತೆಯೇ ಅಲ್ಲವೇ, ಎಂದರು. ಈ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಭಾಗವತರು ಜಾಗಟೆ ಹಿಡಿದು ಸಭೆಯೆದುರಿನಲ್ಲಿಯೇ ಕುಳಿತಿರುತ್ತಾರೆ. ಅರ್ಥ ಹೇಳುವ ವೇಷಧಾರಿ ಮಾತನ್ನು ಆ ಕ್ಷಣದಲ್ಲಿಯೇ ಕಟ್ಟುತ್ತಾನೆ. ಮಾತು ಅತಿಯಾದರೆ ಭಾಗವತರು ಮುಂದಿನ ಪದ್ಯವನ್ನು ಎತ್ತಿ ಕಥೆಯನ್ನು ಸಾಗಿಸುತ್ತಾರೆ. ಬೆಳಗಾಗುವ ಹೊತ್ತಿಗೆ ಪ್ರಸಂಗ ಮುಗಿದಿರುತ್ತದೆ. ಗುರುತು ಹಾಕಿದ ಪುಸ್ತಕವಿಲ್ಲ, ಆದರೂ ಲೆಕ್ಕ ತಪ್ಪುವುದಿಲ್ಲ. ಆದರೆ ಆ ಭಾಗವತಿಕೆ ಒಂದು ಆಯುಷ್ಯದ ಸಾಧನೆ. ಆರು ವಾರದ ತಾಲೀಮಿಗೆ ಕೂಡುವ ನಾವು ಅಂಥವರನ್ನು ಯಾವ ಜಾಹೀರಾತಿನಿಂದ ಕರೆಯೋಣ?

ಆದುದರಿಂದ ಸ್ಟೇಜ್ ಮ್ಯಾನೇಜರನನ್ನು ನಟರಿಗಿಂತ ಮೊದಲು ಗೊತ್ತುಮಾಡಿಕೊಳ್ಳಿರಿ, ಸಂಬಳವನ್ನು ತಪ್ಪದೆ ಕೊಡಿರಿ, ಮೂರನೆಯ ಬೆಲ್ ಆದ ಮೇಲೆ ನಿರ್ದೇಶಕನೂ ಆತನ ಮಾತು ಕೇಳಲಿ ಎಂದು ನಾನು ಈಗಲೂ ಹೇಳುತ್ತೇನೆ. ಇಷ್ಟನ್ನು ಹೇಳಿದ ಮೇಲೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಮೂರನೆಯ ರಾತ್ರಿ ನಟನೊಬ್ಬನು ನಿರ್ದೇಶಕನು ಕಲ್ಪಿಸದ, ಆದರೆ ಕಲ್ಪಿಸಿದುದಕ್ಕಿಂತ ಸುಂದರವಾದ ಒಂದು ತಿರುವನ್ನು ಕಂಡುಕೊಂಡರೆ, ಪುಸ್ತಕ ಹಿಡಿದವನು ಅದನ್ನು ತಪ್ಪೆಂದು ಗುರುತುಮಾಡಬೇಕೇ, ಪಾಠಾಂತರವೆಂದು ಬರೆದುಕೊಳ್ಳಬೇಕೇ? ಬರೆದುಕೊಂಡನೆಂದರೆ ನಾಲ್ಕನೆಯ ರಾತ್ರಿ ಅದೇ ಕಟ್ಟಳೆಯಾಗುವುದಿಲ್ಲವೇ? ಬರೆದುಕೊಳ್ಳದಿದ್ದರೆ, ಆ ನಟನೇ ಅದನ್ನು ಮರೆತಾಗ ನೆನಪಿಸುವವರು ಆರು? ಇದನ್ನು ನಿರ್ಣಯಿಸುವ ಅಧಿಕಾರವನ್ನೂ ಆತನಿಗೇ ಕೊಟ್ಟೆವಾದರೆ ಆತನನ್ನು ನಿರ್ವಾಹಕನೆಂದೇ ಕರೆಯಬಹುದೇ, ಎರಡನೆಯ ನಿರ್ದೇಶಕನೆನ್ನಬೇಕೇ? ಮುಂದಿನ ಪ್ರಯೋಗದ ನೇಮಕದ ಕರಾರಿನಲ್ಲಿ ಈ ಒಂದು ಕಲಮನ್ನು ಹೇಗೆ ಬರೆಯಬೇಕೆಂದು ನಾನು ಮತ್ತು ನನ್ನ ಮಿತ್ರರು ಇನ್ನೂ ಜಗಳವಾಡುತ್ತಿದ್ದೇವೆ; ಈ ಸಭೆಯಲ್ಲಿ ಅವರೂ ಇದ್ದಾರೆ, ಅವರ ಉತ್ತರವನ್ನೂ ನೀವು ಕೇಳಬೇಕೆಂದು ನನ್ನ ಪ್ರಾರ್ಥನೆ.